ಹಬ್ಬದೂಟದ ದಿನ ಹೊಟ್ಟೆಯ ಮಾತು ಕೇಳುವುದು ಹೇಗೆ?

ಮಳೆಹನಿ:

ಹಬ್ಬ ಹತ್ತಿರ ಬರುತ್ತಿದ್ದ ಹಾಗೆ ನನಗೆ ಖುಷಿಗಿಂತ ದಿಗಿಲೇ ಜಾಸ್ತಿ. ಊಟದ ದಿಗಿಲು. ಎಷ್ಟೋ ವರ್ಷದಿಂದ ಒಂದಲ್ಲ ಒಂದು ಡಯಟ್ ಮಾಡುತ್ತಲೇ ಇದ್ದೇನೆ, ಹಾಗಾಗಿ ತಟ್ಟೆ ಮುಂದೆ ಬಂದ ಕೂಡಲೇ ತಲೆಯೊಳಗೆ ಕ್ಯಾಲೊರಿ ಲೆಕ್ಕ ತಾನಾಗಿಯೇ ಓಡಲು ಶುರುವಾಗುತ್ತದೆ. ಹಬ್ಬದ ದಿನ ನನ್ನದು ಯಾವಾಗಲೂ ಒಂದೇ ಕ್ರಮ. ಮಧ್ಯಾಹ್ನ ಹೇಗೂ ಜೋರು ಊಟ ಇದೆ ಎಂದು ಬೆಳಿಗ್ಗೆ ಏನೂ ತಿನ್ನುವುದಿಲ್ಲ. ಕೂತಾಗ ಮೊದಮೊದಲು ಬಿಗಿಯಾಗಿಯೇ ಇರುತ್ತೇನೆ, ಅದು ಬೇಡ, ಇದು ಸ್ವಲ್ಪ ಸಾಕು, ಹೀಗೆ. ಆಮೇಲೆ ಒಂದು ಸಿಹಿ ಬಾಯಿಗೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು. "ಹೇಗೂ ಇವತ್ತು ಕೆಟ್ಟಿತು, ನಾಳೆಯಿಂದ ನೋಡೋಣ" ಎಂದುಕೊಂಡು ಸಿಕ್ಕಿದ್ದೆಲ್ಲ ತಿಂದು, ಕೊನೆಗೆ ಎದ್ದು ನಿಲ್ಲಲೂ ಆಗದಷ್ಟು ಹೊಟ್ಟೆ ಬಿರಿದಿರುತ್ತದೆ. ಇಷ್ಟೆಲ್ಲ ಆದರೂ ಯಾವುದು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ, ರುಚಿಯೇ ನೆನಪಿರುವುದಿಲ್ಲ.

ಗೆಳತಿಯೊಬ್ಬಳು ಇಂಟ್ಯುಟಿವ್ ಈಟಿಂಗ್ ಬಗ್ಗೆ ಹೇಳಿದಳು. ಹಸಿವಾದಾಗ ತಿನ್ನು, ಸಾಕೆನಿಸಿದಾಗ ನಿಲ್ಲಿಸು, ಯಾವುದಕ್ಕೂ ನಿಷೇಧ ಹಾಕಬೇಡ, ಇಷ್ಟೇ ಅಂತೆ. ಕೇಳಲು ಚೆನ್ನಾಗಿದೆ. ಆದರೆ ಹಬ್ಬದ ದಿನ ಊಟದ ಹೊತ್ತನ್ನು ಹೇಳುವುದು ನನ್ನ ಹಸಿವಲ್ಲ, ಮನೆಯವರು. ಎಲ್ಲ ಬಗೆಯೂ ಒಟ್ಟಿಗೆ ಮುಂದೆ ಬರುತ್ತದೆ. ಬೇಡ ಎಂದರೆ ಬಡಿಸುವವರಿಗೆ ಬೇಜಾರು. ಅದಲ್ಲದೆ, ನಿಷೇಧವೇ ಇಲ್ಲ ಎಂದರೆ ನಾನು ನಿಲ್ಲಿಸುತ್ತೇನೆ ಅಂತ ಯಾವ ಗ್ಯಾರಂಟಿ? ನಮ್ಮ ದೊಡ್ಡತ್ತೆ ಬೇರೆ "ಏನೇ, ಸ್ವಲ್ಪ ಊದಿಕೊಂಡಿದ್ದೀಯಲ್ಲ" ಎಂದು ಎಲ್ಲರೆದುರು ಹೇಳಿ, ಅದೇ ಕೈಯಲ್ಲಿ ಇನ್ನೊಂದು ಸಿಹಿ ಬಡಿಸುತ್ತಾರೆ. ಇದರ ನಡುವೆ ಹೊಟ್ಟೆಯ ಮಾತು ಕೇಳುವುದು ಹೇಗೆ ಎಂದು ಯಾರಾದರೂ ಹೇಳುತ್ತೀರಾ?

ನಿಧಾನಗತಿ:

ನಾನು ಆಹಾರ ತಜ್ಞೆ. ಇದೇ ಪ್ರಶ್ನೆ ಪ್ರತಿ ಹಬ್ಬಕ್ಕೂ ಮುಂಚೆ ನನ್ನ ಬಳಿ ಬರುತ್ತದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಊಟದ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಕೇಳುತ್ತಿದ್ದೀರಿ. ತೊಂದರೆ ಶುರುವಾಗುವುದು ಬೆಳಿಗ್ಗೆ. ತಿಂಡಿ ಬಿಟ್ಟು ಹೊಟ್ಟೆ ಕಾಯಿಸಿಕೊಂಡು ಹೋದರೆ ಮಧ್ಯಾಹ್ನದ ಹೊತ್ತಿಗೆ ಹಸಿವು ಮಿತಿ ಮೀರಿರುತ್ತದೆ. ಹೊಟ್ಟೆ ಖಾಲಿಯಾದಷ್ಟೂ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತಾ ಹೋಗುತ್ತದೆ. ಹೊಟ್ಟೆ ಹಿಗ್ಗಿತು ಎಂದು ನರಗಳು ಹೇಳುವುದು, ಕರುಳಿನ ಹಾರ್ಮೋನುಗಳು ಸಾಕು ಎನ್ನುವುದು, ಇವೆರಡೂ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಅಷ್ಟರೊಳಗೆ ಹಸಿದವರ ಕೈ ಎಷ್ಟು ವೇಗವಾಗಿ ಓಡಿರುತ್ತದೆ ಎಂದು ನಿಮಗೇ ಗೊತ್ತು. ಆ ಹಸಿವಿನಲ್ಲಿ ಹೊಟ್ಟೆಯ ಸಣ್ಣ ದನಿ ಯಾರಿಗೂ ಕೇಳಿಸುವುದಿಲ್ಲ, ನನಗೂ ಕೇಳಿಸುವುದಿಲ್ಲ. ಆದ್ದರಿಂದ ಹಬ್ಬದ ದಿನ ಬೆಳಿಗ್ಗೆ ಎಂದಿನ ತಿಂಡಿ ತಿನ್ನಿ. ಊಟ ತಡವಾಗುತ್ತದೆ ಎಂದು ಗೊತ್ತಿದ್ದರೆ ನಡುವೆ ಏನಾದರೂ ಸ್ವಲ್ಪ ತಿನ್ನಿ. ಹೊತ್ತು ಮನೆಯವರದ್ದೇ ಇರಲಿ, ಆ ಹೊತ್ತಿಗೆ ಎಷ್ಟು ಹಸಿವಿನಲ್ಲಿ ಹೋಗಿ ಕೂರುತ್ತೀರಿ ಎನ್ನುವುದು ಬಹುಮಟ್ಟಿಗೆ ನಿಮ್ಮ ಕೈಲೇ ಇದೆ.

ಇನ್ನು "ಹೇಗೂ ಕೆಟ್ಟಿತು" ಎನ್ನುವ ಮಾತು. ಅದು ನಿಮ್ಮೊಬ್ಬರದ್ದಲ್ಲ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಃಶಾಸ್ತ್ರಜ್ಞರು ಕಾಲೇಜು ಹುಡುಗಿಯರಿಗೆ ಮೊದಲು ಮಿಲ್ಕ್ ಶೇಕ್ ಕೊಟ್ಟು, ಆಮೇಲೆ ಐಸ್ ಕ್ರೀಮ್ ರುಚಿ ನೋಡಿ ಹೇಳಿ ಎಂದರು. ಡಯಟ್ ತಂಟೆಗೆ ಹೋಗದವರು ಹೊಟ್ಟೆ ತುಂಬಿದ್ದರಿಂದ ಐಸ್ ಕ್ರೀಮ್ ಕಮ್ಮಿ ತಿಂದರು. ದಿನಾ ಬಾಯಿ ಕಟ್ಟುವವರು ಮಿಲ್ಕ್ ಶೇಕ್ ಕುಡಿದ ಮೇಲೆ ಐಸ್ ಕ್ರೀಮ್ ಇನ್ನೂ ಜಾಸ್ತಿ ತಿಂದರು. ನಿಯಮ ಹೇಗೂ ಮುರಿಯಿತಲ್ಲ! ನಿಮ್ಮ ಮೊದಲ ಸಿಹಿಯ ಕತೆಯೂ ಇದೇ. ನಿಯಮ ಗಟ್ಟಿಯಾದಷ್ಟೂ ಮುರಿದಾಗ ಬೀಳುವ ಪೆಟ್ಟು ದೊಡ್ಡದು.

ಇದಕ್ಕಿಂತ ಹಳೆಯದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪ್ರಯೋಗ. 1944-45ರಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಎಲ್ಲರೂ ತಾವಾಗಿಯೇ ಒಪ್ಪಿ ಬಂದಿದ್ದ ಆರೋಗ್ಯವಂತರು. ಕೆಲವೇ ವಾರದಲ್ಲಿ ಅವರಿಗೆ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಕೂಡಿಹಾಕಿದರು, ತಟ್ಟೆ ನೆಕ್ಕಿದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಾಗ ಕೆಲವರು ಹೊಟ್ಟೆ ಬಿರಿಯುವ ಹಾಗೆ ತಿಂದರೂ ಇನ್ನೂ ಬೇಕು ಎನ್ನುತ್ತಿದ್ದರು. ಅವರಿಗೆ ಮನಸ್ಸು ಗಟ್ಟಿಯಿರಲಿಲ್ಲ ಎಂದು ಯಾರೂ ಹೇಳಲಾರರು, ಅಲ್ವಾ?

ನಿಷೇಧ ತೆಗೆದರೆ ನಿಲ್ಲಿಸುತ್ತೇನೆಯೇ ಎಂಬ ಭಯ ಎಲ್ಲರಿಗೂ ಇರುತ್ತದೆ. ನಿಜ ಹೇಳುತ್ತೇನೆ, ಶುರುವಿನಲ್ಲಿ ಸ್ವಲ್ಪ ಜಾಸ್ತಿಯೇ ತಿನ್ನಬಹುದು. ಆದರೆ ಯಾವ ತಿಂಡಿ ಯಾವಾಗ ಬೇಕಾದರೂ ಸಿಗುತ್ತದೋ ಅದರ ಮೇಲಿನ ಹಪಾಹಪಿ ಬರಬರುತ್ತಾ ಇಳಿಯುತ್ತದೆ. ನಾಳೆ ಮತ್ತೆ ತಿನ್ನಬಹುದು ಎಂಬ ನಂಬಿಕೆ ಮನಸ್ಸಿಗೆ ನಿಜವಾಗಿ ಬರಬೇಕು. ನೀವು ಬಾಯಲ್ಲಿ "ನಿಷೇಧ ಇಲ್ಲ" ಎಂದು, ಒಳಗೆ "ಹಬ್ಬ ಮುಗಿದ ಮೇಲೆ ಮತ್ತೆ ಡಯಟ್" ಎಂದುಕೊಂಡರೆ ಅದು ಆಗುವುದಿಲ್ಲ. ನಾಳೆ ಸಿಗುವುದಿಲ್ಲ ಎಂದು ಗೊತ್ತಾದ ಕೂಡಲೇ ಇವತ್ತೇ ತಿಂದು ಮುಗಿಸಬೇಕು ಎನಿಸುತ್ತದೆ.

ಹಳೇಬಾಗಿಲು:

ಎಲ್ಲ ಸರಿ ಮೇಡಂ, ಆದರೆ ನಾನು ಸಕ್ಕರೆ ಕಾಯಿಲೆಯವನು. ನನ್ನ ನಾಲಿಗೆ ಹೇಳಿದ್ದನ್ನು ಕೇಳಿದರೆ ಸಂಜೆ ಹೊತ್ತಿಗೆ ಮೀಟರ್ ಕೂಗುತ್ತದೆ. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಹಿರಿಯರು ಹೇಳಿದ್ದು ಊಟಕ್ಕೆ ಹಿಡಿತ ಬೇಕು ಅಂತಲೇ ತಾನೇ? ಈಗ ಹಿಡಿತ ಬಿಡಿ ಅನ್ನುವುದೇ ಹೊಸ ಫ್ಯಾಷನ್ ಆಗಿದೆ. ಇದನ್ನೆಲ್ಲ ಕಂಡುಹಿಡಿದವರಾದರೂ ಯಾರು? ಇದರಿಂದ ತೂಕ ಇಳಿದಿದೆ ಎಂದು ಯಾರಾದರೂ ತೋರಿಸಿದ್ದಾರಾ?

ನಿಧಾನಗತಿ:

ಹಳೇಬಾಗಿಲು ಅವರೇ, ತೂಕ ಇಳಿಸುವ ಉಪಾಯ ಅಲ್ಲವೇ ಅಲ್ಲ ಇದು. ತೂಕ ಇಳಿಸುತ್ತೇವೆ ಎಂದು ಯಾರಾದರೂ ಇಂಟ್ಯುಟಿವ್ ಈಟಿಂಗ್ ಹೆಸರಿನಲ್ಲಿ ದುಡ್ಡು ಕೇಳಿದರೆ ಅವರು ಹಳೇ ಡಯಟ್ಟನ್ನೇ ಹೊಸ ಹೆಸರಲ್ಲಿ ಮಾರುತ್ತಿದ್ದಾರೆ ಎಂದು ತಿಳಿಯಿರಿ. ಎವೆಲಿನ್ ಟ್ರಿಬೋಲಿ, ಎಲೀಸ್ ರೆಶ್ ಎಂಬ ಅಮೆರಿಕದ ಇಬ್ಬರು ಆಹಾರ ತಜ್ಞೆಯರು 1995ರಲ್ಲಿ ಇದಕ್ಕೊಂದು ರೂಪ ಕೊಟ್ಟರು, 10 ತತ್ವ ಹೇಳಿದರು. ಆಮೇಲೆ ಬಂದ ಅಧ್ಯಯನಗಳಲ್ಲಿ, ಹೀಗೆ ತಿನ್ನುವವರಲ್ಲಿ ಮಿತಿ ಮೀರಿ ತಿನ್ನುವ ಚಟ, ಊಟದ ಬಗೆಗಿನ ಕೊರಗು, ತಮ್ಮ ಮೈ ಬಗೆಗಿನ ಜಿಗುಪ್ಸೆ ಕಮ್ಮಿ ಎಂದು ಕಂಡುಬಂದಿದೆ. ಇದರಿಂದಲೇ ಅದು ಆಯಿತು ಎಂದು ಹೇಳಲು ಅವುಗಳಲ್ಲಿ ಹೆಚ್ಚಿನವು ಸಾಲವು, ಅದನ್ನೂ ಹೇಳಿಬಿಡುತ್ತೇನೆ.

ಆದರೆ ಆ 10ರಲ್ಲಿ ಕೊನೆಯದು ಪೋಷಣೆಯದ್ದೇ. ದೇಹಕ್ಕೆ ಯಾವುದು ಹೊಂದುತ್ತದೆ ಎಂದು ತಿಳಿದು, ಹೆದರಿಸದೆ ಬೆದರಿಸದೆ ಅದನ್ನು ಪಾಲಿಸುವುದು. ಸಿಹಿ ತಿಂದ ಎರಡು ಗಂಟೆಗೆ ನಿಮಗೆ ತೂಕಡಿಕೆ, ಬಾಯಿ ಒಣಗುವುದು ಆಗುತ್ತದಲ್ಲ, ಅದೂ ಹೊಟ್ಟೆಯ ಮಾತೇ. ಮೀಟರ್ ತೋರಿಸುವುದೂ ದೇಹದ ಮಾತೇ. ನಾಲಿಗೆಯ ಮಾತೊಂದನ್ನೇ ಕೇಳಿ ಎಂದು ಯಾರೂ ಹೇಳಿಲ್ಲ.

ನಿಮಗೆ ಉಪಯೋಗಕ್ಕೆ ಬರುವ ಒಂದೆರಡು ವಿಷಯ. ತರಕಾರಿ, ಬೇಳೆ, ಮೊಟ್ಟೆ, ಮಾಂಸ ಇಂಥದ್ದನ್ನು ಮೊದಲು ತಿಂದು, ಪಿಷ್ಟ ಮತ್ತು ಸಿಹಿಯನ್ನು ಆಮೇಲೆ ತಿಂದರೆ ಊಟದ ನಂತರ ಸಕ್ಕರೆ ಏರುವುದು ಕಮ್ಮಿ. 2015ರಲ್ಲಿ 11 ಜನರ ಮೇಲೆ ನಡೆದ ಚಿಕ್ಕ ಅಧ್ಯಯನದಲ್ಲಿ ಅದೇ ಊಟದ ಕ್ರಮ ಮಾತ್ರ ಬದಲಿಸಿ ನೋಡಿದ್ದರು. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಓಡಾಡಿದರೂ ಒಳ್ಳೆಯದು. ಮುಖ್ಯವಾಗಿ ಇದು: ಇನ್ಸುಲಿನ್ ಅಥವಾ ಸಲ್ಫೋನಿಲ್ಯೂರಿಯಾ ಗುಂಪಿನ, ಅಂದರೆ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸಿ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಧ್ಯಾಹ್ನ ದೊಡ್ಡ ಊಟ ಇದೆ ಎಂದು ಬೆಳಿಗ್ಗೆಯದನ್ನು ಬಿಡಲೇಬಾರದು. ಸಕ್ಕರೆ ದಿಢೀರನೆ ಕುಸಿಯಬಹುದು. ಹಬ್ಬದ ದಿನ ಊಟದ ಹೊತ್ತು ಏರುಪೇರಾಗುತ್ತದೆ ಎಂದಾದರೆ ಮುಂಚೆಯೇ ನಿಮ್ಮ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಹಳೇಬಾಗಿಲು:

ಸಲ್ಫೋನಿಲ್ಯೂರಿಯಾ ನನ್ನ ಚೀಟಿಯಲ್ಲೂ ಇದೆ, ಇದನ್ನು ಯಾರೂ ಹೇಳಿರಲಿಲ್ಲ. ಡಾಕ್ಟರನ್ನು ಕೇಳುತ್ತೇನೆ. ಆದರೂ ಒಂದು ಮಾತು ಉಳಿಯಿತು. ನನಗೆ ಹಿಡಿತ ಇದ್ದರೇ ನೆಮ್ಮದಿ. ಎರಡು ಸಿಹಿ ಎಂದು ಮೊದಲೇ ಗೊತ್ತುಮಾಡಿಕೊಂಡು ಕೂತರೆ ನಾನು ಆ ಎರಡನ್ನೂ ಆರಾಮಾಗಿ ತಿನ್ನುತ್ತೇನೆ. ಎಲ್ಲರಿಗೂ ಒಂದೇ ಮದ್ದು ಅಂತ ಹೇಳಬೇಡಿ.

ತಟ್ಟೆಲೋಟ:

ಇಬ್ಬರೂ ಕಾಯಿಲೆ, ಪ್ರಯೋಗ ಎಂದು ಹೇಳಿ ಊಟವನ್ನೇ ಮರೆತುಬಿಟ್ಟಿರಿ! ಮಳೆಹನಿ ಅಳುತ್ತಿರುವುದು ರುಚಿ ನೆನಪಿಲ್ಲ ಅಂತ. ನನ್ನ ಪ್ರಕಾರ ಇಡೀ ಪ್ರಶ್ನೆಯಲ್ಲಿ ಅದೇ ದೊಡ್ಡ ನಷ್ಟ. ವರ್ಷಕ್ಕೊಮ್ಮೆ ಮಾಡುವ ಅಡುಗೆ, ಯಾರೋ ಬೆಳಗಿನ ಜಾವ ಎದ್ದು ಬೆಂಕಿ ಮುಂದೆ ನಿಂತು ಮಾಡಿದ್ದು, ಅದನ್ನು ತಪ್ಪು ಮಾಡುವವರ ಹಾಗೆ ಗಬಗಬ ನುಂಗಿ ಎದ್ದರೆ ಏನು ಬಂತು?

ನಾನು ಮಾಡುವುದು ಹೇಳುತ್ತೇನೆ. ಕೂತ ಕೂಡಲೇ ಕೈ ಹಾಕುವುದಿಲ್ಲ. ಏನೇನಿದೆ ಎಂದು ಪೂರ್ತಿ ನೋಡುತ್ತೇನೆ. ನೋಡಿದ ಮೇಲೆ ಬೇರೆ ದಿನವೂ ಸಿಗುವಂಥದ್ದು ಯಾವುದು, ಇವತ್ತೇ ಸಿಗುವಂಥದ್ದು ಯಾವುದು, ನನಗೆ ಅಷ್ಟೇನೂ ಇಷ್ಟವಿಲ್ಲದಿದ್ದರೂ ರೂಢಿಗೆ ಹಾಕಿಸಿಕೊಳ್ಳುವುದು ಯಾವುದು ಎಂದು ತನ್ನಷ್ಟಕ್ಕೆ ಗೊತ್ತಾಗುತ್ತದೆ. ಆ ಮೂರನೆಯ ಬಗೆ ಇದೆಯಲ್ಲ, ಹೊಟ್ಟೆಯಲ್ಲಿ ಅರ್ಧ ಜಾಗ ಹಿಡಿಯುವುದು ಅದೇ. ಅದನ್ನು ಬಿಟ್ಟರೆ ನಾಲಿಗೆಗೂ ಏನೂ ನಷ್ಟ ಇಲ್ಲ.

ಇಷ್ಟದ್ದನ್ನು ತಿನ್ನುವಾಗ ಮಾತಾಡುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಸಿಹಿಯ ಮೊದಲ ತುತ್ತು ಬಾಯಲ್ಲಿಟ್ಟು ನೋಡಿ. ಮೊದಲು ತುಪ್ಪವೋ ಬೆಣ್ಣೆಯೋ ಅದರ ವಾಸನೆ ಮೂಗಿಗೆ ಏರುತ್ತದೆ, ಆಮೇಲೆ ಸಿಹಿ ಹರಡುತ್ತದೆ, ಅಂಚಿನಲ್ಲಿ ಸ್ವಲ್ಪ ಗರಿಗರಿ ಇದ್ದರೆ ಅದು ಹಲ್ಲಿಗೆ ಸಿಗುತ್ತದೆ. ಎರಡನೆಯ ತುತ್ತೂ ಚೆನ್ನಾಗಿರುತ್ತದೆ. ನಾಲ್ಕು ಐದನೆಯ ಹೊತ್ತಿಗೆ ಬರೀ ಸಿಹಿ ಅಷ್ಟೇ ಉಳಿದಿರುತ್ತದೆ, ಆ ವಾಸನೆ ಗೊತ್ತೇ ಆಗುವುದಿಲ್ಲ. ಸಿಹಿ ಅದೇ, ಮಂಕಾದದ್ದು ನಾಲಿಗೆ. ನಾನು ನಿಲ್ಲಿಸುವುದು ಅಲ್ಲಿ, ಹೊಟ್ಟೆ ತುಂಬಿದಾಗ ಅಲ್ಲ. ಬಾರ್ಬರಾ ರೋಲ್ಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ತಿನ್ನುತ್ತಿರುವ ಒಂದರ ಮೇಲೆ ಆಸೆ ಇಳಿಯುತ್ತದೆ, ಇನ್ನೂ ಮುಟ್ಟದ ಬೇರೆ ರುಚಿಯ ಮೇಲೆ ಇಳಿಯುವುದಿಲ್ಲ. ಊಟ ಕುತ್ತಿಗೆವರೆಗೆ ಬಂದಿದ್ದರೂ ಸಿಹಿಗೆ ಜಾಗ ಸಿಗುವುದು ಇದರಿಂದಲೇ. ಬಗೆ ಜಾಸ್ತಿಯಾದಷ್ಟೂ ನಾವು ಜಾಸ್ತಿ ತಿನ್ನುತ್ತೇವೆ. ಹಬ್ಬದ ಊಟ ಎಂದರೆ ಬಗೆಗಳದ್ದೇ ಮೆರವಣಿಗೆ, ಹಾಗಾಗಿ ಆ ದಿನ ಎಂದಿಗಿಂತ ನಾಲ್ಕು ತುತ್ತು ಜಾಸ್ತಿಯೇ ಹೋಗುತ್ತದೆ. ಹೋಗಲಿ ಬಿಡಿ! ಅದಕ್ಕೇ ತಾನೇ ಹಬ್ಬ.

ಬಡಿಸುವವರ ವಿಷಯ. "ಬೇಡ" ಎನ್ನುವ ಒಂಟಿ ಮಾತು ಕೆಲಸಕ್ಕೆ ಬರುವುದಿಲ್ಲ, ಅದು ಅವರಿಗೆ ಸಂಕೋಚದ ಹಾಗೆ ಕೇಳಿಸುತ್ತದೆ. "ಅತ್ತೆ, ಇದು ಎಷ್ಟು ಚೆನ್ನಾಗಿದೆ ಅಂದರೆ, ಸಂಜೆ ಕಾಫಿ ಜೊತೆ ಇನ್ನೊಂದು ತಿನ್ನಬೇಕು, ಒಂದು ಎತ್ತಿಟ್ಟಿರಿ" ಅನ್ನಿ. ಸಂಜೆ ನಿಜವಾಗಿಯೂ ಕೇಳಿ ತಿನ್ನಿ, ಸುಳ್ಳು ಹೇಳಬೇಡಿ. ತಟ್ಟೆ ಖಾಲಿ ಕಂಡರೆ ತಾನೇ ಮತ್ತೆ ಬಡಿಸುವುದು? ಕೊನೆಯ ತುತ್ತನ್ನು ಸ್ವಲ್ಪ ಹೊತ್ತು ತಟ್ಟೆಯಲ್ಲೇ ಬಿಡಿ.

ದೊಡ್ಡತ್ತೆಯ ಆ ಇನ್ನೊಂದು ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ನಾನಾಗಿದ್ದರೆ "ಹೌದು ಅತ್ತೆ, ನಿಮ್ಮ ಕೈ ರುಚಿ" ಎಂದು ನಕ್ಕುಬಿಡುತ್ತಿದ್ದೆ.

ಬಿಳಿಮೋಡ:

ನಕ್ಕುಬಿಡುವುದು ಎಲ್ಲರಿಗೂ ಆಗುವುದಿಲ್ಲ ತಟ್ಟೆಲೋಟ ಅವರೇ. ನನಗೆ ಒಂದು ಕಾಲಕ್ಕೆ ಈಟಿಂಗ್ ಡಿಸಾರ್ಡರ್, ಅಂದರೆ ತಿನ್ನುವುದಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ ಇತ್ತು, ಈಗ ಬಹಳ ಸುಧಾರಿಸಿದೆ. ಆ ದಿನಗಳಲ್ಲಿ ಇಂಥ ಒಂದು ಮಾತು ಬಿದ್ದರೆ ವಾರಗಟ್ಟಲೆ ಊಟ ಸೇರುತ್ತಿರಲಿಲ್ಲ. ಮಳೆಹನಿ, ದೊಡ್ಡತ್ತೆಯ ಜೊತೆ ಸಲಿಗೆ ಇದ್ದರೆ ಹಬ್ಬಕ್ಕೆ ಮುಂಚೆಯೇ ಒಬ್ಬರೇ ಸಿಕ್ಕಾಗ ಹೇಳಿ, "ಅತ್ತೆ, ನನ್ನ ಮೈ ಬಗ್ಗೆ ಎಲ್ಲರೆದುರು ಹೇಳಿದರೆ ನನಗೆ ಊಟ ಮಾಡಲು ಆಗುವುದಿಲ್ಲ" ಅಂತ. ಹೇಳಲು ಧೈರ್ಯ ಬಾರದಿದ್ದರೆ ಅಮ್ಮನಿಂದಲೋ ಅಕ್ಕನಿಂದಲೋ ಹೇಳಿಸಿ. ಹೆಚ್ಚಿನವರು ಪ್ರೀತಿ ತೋರಿಸುವ ರೀತಿ ಗೊತ್ತಿಲ್ಲದೆ ಹಾಗೆ ಮಾತಾಡುತ್ತಾರೆ, ಹೇಳಿದರೆ ಬಿಡುತ್ತಾರೆ. ಬಿಡದವರ ಪಕ್ಕ ಕೂರಬೇಡಿ, ಅಷ್ಟೇ. ಯಾರ ಪಕ್ಕ ಕೂರುತ್ತೇವೆ ಎನ್ನುವುದರ ಮೇಲೂ ಊಟದ ರುಚಿ ನಿಂತಿದೆ.

ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ಹಸಿವು, ಸಾಕೆನಿಸುವುದು, ಇವೆರಡೂ ಎಲ್ಲರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಬಹಳ ದಿನ ಉಪವಾಸ ಬಿದ್ದವರಿಗೆ, ತಿಂದು ವಾಂತಿ ಮಾಡಿಕೊಳ್ಳುವವರಿಗೆ ಆ ಸೂಚನೆಗಳೇ ಕೆಟ್ಟುಹೋಗಿರುತ್ತವೆ. ನನಗೆ ಹಸಿವೇ ಆಗುತ್ತಿರಲಿಲ್ಲ, ಎರಡು ತುತ್ತಿಗೆ ಹೊಟ್ಟೆ ಉಬ್ಬರಿಸಿದ ಹಾಗೆ ಆಗುತ್ತಿತ್ತು. "ಹೊಟ್ಟೆಯ ಮಾತು ಕೇಳು" ಎಂದಿದ್ದರೆ ನಾನು ಊಟ ಬಿಡಲು ಅದೇ ನೆಪ ಸಿಗುತ್ತಿತ್ತು. ನನಗೆ ಚಿಕಿತ್ಸೆ ಕೊಟ್ಟವರು ಗಡಿಯಾರ ನೋಡಿ ತಿನ್ನಲು ಹೇಳಿದರು, ಹಸಿವಿರಲಿ ಬಿಡಲಿ. ಸೂಚನೆಗಳು ಮರಳಿ ಬಂದದ್ದು ಬಹಳ ನಿಧಾನವಾಗಿ. ಸ್ಟೀರಾಯ್ಡ್ ಮಾತ್ರೆ ಹಸಿವನ್ನು ಕೆರಳಿಸುತ್ತದೆ, ಈಗಿನ ಕೆಲವು ಸಕ್ಕರೆ ಮತ್ತು ತೂಕದ ಚುಚ್ಚುಮದ್ದು ಹಸಿವನ್ನೇ ಅಡಗಿಸುತ್ತದೆ. ಅಂಥವರೂ ಹೊಟ್ಟೆಯನ್ನೊಂದೇ ನಂಬಿ ಕೂರುವ ಹಾಗಿಲ್ಲ.

ಮಳೆಹನಿ ಬರೆದದ್ದರಲ್ಲಿ ಹಬ್ಬದ ಮಾರನೆಯ ದಿನದ ಮಾತೇ ಇಲ್ಲ. ಮಾರನೆಯ ದಿನ ಏನು ಮಾಡುತ್ತೀರಿ? ನನಗೆ ಅದೇ ಚಿಂತೆ.

ಮಳೆಹನಿ:

ಸರಿಯಾಗಿ ಹಿಡಿದಿರಿ. ಮಾರನೆಯ ದಿನ ಎದ್ದ ಕೂಡಲೇ ತೂಕದ ಯಂತ್ರ. ಒಂದೋ ಒಂದೂವರೆಯೋ ಕೆಜಿ ಏರಿರುತ್ತದೆ. ಆಮೇಲೆ ಇಡೀ ದಿನ ಬರೀ ಹಣ್ಣು, ನೀರು. ವಾಂತಿ ಅದೆಲ್ಲ ಯಾವತ್ತೂ ಇಲ್ಲ. ಆದರೆ ಆ ಒಂದು ದಿನದ ಏರಿಕೆ ನೋಡಿದರೆ ಯಾರಿಗಾದರೂ ಎದೆ ಧಸಕ್ ಅನ್ನುವುದಿಲ್ಲವೇ?

ನಿಧಾನಗತಿ:

ಆ ಒಂದು ಕೆಜಿ ಕೊಬ್ಬಲ್ಲ. ಒಂದು ಕೆಜಿ ಕೊಬ್ಬು ಕೂಡಲು ದೇಹಕ್ಕೆ ಬೇಕಾದದ್ದರ ಮೇಲೆ ಸುಮಾರು 7,700 ಕ್ಯಾಲೊರಿ ತಿನ್ನಬೇಕು, ಒಂದು ಊಟದಲ್ಲಿ ಯಾರ ಕೈಲೂ ಆಗುವ ಕೆಲಸ ಅಲ್ಲ. ಪಿಷ್ಟ, ಸಿಹಿ ಜಾಸ್ತಿ ತಿಂದಾಗ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜೆನ್, ಅಂದರೆ ದೇಹ ಕೂಡಿಡುವ ಸಕ್ಕರೆ ತುಂಬಿಕೊಳ್ಳುತ್ತದೆ, ಒಂದು ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ. ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಅರಗದೆ ಉಳಿದ ಊಟದ ತೂಕ ಬೇರೆ. ಕೆಲವು ದಿನದಲ್ಲಿ ಎಲ್ಲ ಇಳಿಯುತ್ತದೆ, ಹಣ್ಣು ನೀರಿನ ಶಿಕ್ಷೆ ಇಲ್ಲದೆಯೂ. ಅಮೆರಿಕದಲ್ಲಿ 195 ವಯಸ್ಕರನ್ನು ನವೆಂಬರ್ ನಡುವಿನಿಂದ ಜನವರಿ ಮೊದಲ ಭಾಗದವರೆಗೆ, ಅಂದರೆ ಅಲ್ಲಿನ ಇಡೀ ಹಬ್ಬದ ಕಾಲದಲ್ಲಿ ತೂಗಿ ನೋಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಸರಾಸರಿ ಏರಿಕೆ 0.37 ಕೆಜಿ. ಅದು ವರ್ಷದ ಉಳಿದ ದಿನಗಳಲ್ಲಿ ಪೂರ್ತಿ ಇಳಿಯಲಿಲ್ಲ ಎಂದೂ ಅವರು ಬರೆದಿದ್ದಾರೆ, ಮುಚ್ಚಿಡುವುದಿಲ್ಲ. ಆದರೂ ಒಂದೇ ರಾತ್ರಿಗೆ ಯಂತ್ರ ತೋರಿಸುವ ಒಂದೂವರೆಗೂ ಒಂದೂವರೆ ತಿಂಗಳ 0.37ಕ್ಕೂ ಎಷ್ಟು ದೂರ ನೋಡಿ.

ಮಾರನೆಯ ದಿನ ಎಂದಿನ ಹಾಗೆ ತಿಂಡಿ, ಊಟ. ಹಸಿವು ಕಮ್ಮಿ ಇದ್ದರೆ ಕಮ್ಮಿ ತಿನ್ನಿ, ದೇಹವೇ ಸರಿದೂಗಿಸಿಕೊಳ್ಳುತ್ತಿದೆ ಎಂದು ತಿಳಿಯಿರಿ. ನಿಯಮ ಹಾಕಿ ಕಮ್ಮಿ ಮಾಡಬೇಡಿ. ಎಷ್ಟು ಹುಷಾರಾಗಿದ್ದರೂ ಒಮ್ಮೊಮ್ಮೆ ಜಾಸ್ತಿ ಹೋಗಿಯೇ ಹೋಗುತ್ತದೆ. "ಸಾಕೆನಿಸಿದಾಗ ನಿಲ್ಲಿಸಲಿಲ್ಲ, ಇದರಲ್ಲೂ ಸೋತೆ" ಎಂದು ಅಳುತ್ತಾ ಬರುವವರನ್ನು ನೋಡಿದ್ದೇನೆ. ಹಾಗೆ ಅಂಕ ಹಾಕಲು ಕೂತರೆ ಇದೂ ಇನ್ನೊಂದು ಡಯಟ್ ಆಯಿತು. ಹಳೇಬಾಗಿಲು ಅವರೇ, ನಿಮ್ಮ ಎರಡು ಸಿಹಿಗೆ ನನ್ನ ತಕರಾರಿಲ್ಲ. ಮೂರನೆಯದು ಬಾಯಿಗೆ ಬಿದ್ದ ದಿನ ನಿಮಗೆ ಹೇಗನಿಸುತ್ತದೆ ಎನ್ನುವುದಷ್ಟೇ ನನ್ನ ಕುತೂಹಲ.

ಹಳೇಬಾಗಿಲು:

ಮೂರನೆಯದು ಬಿದ್ದರೆ ಹೆಂಡತಿ ಬೈಯುತ್ತಾಳೆ. ನನಗೆ ಏನೂ ಅನಿಸುವುದಿಲ್ಲ.

ತಟ್ಟೆಲೋಟ:

ಹಳೇಬಾಗಿಲು ಅವರು ನಮ್ಮೆಲ್ಲರಿಗಿಂತ ಮುಂದಿದ್ದಾರೆ ಅನ್ನಿಸುತ್ತಿದೆ! ಮಳೆಹನಿ, ಹಬ್ಬದ ಹಿಂದಿನ ರಾತ್ರಿಯೇ ಆ ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ, ಬ್ಯಾಟರಿ ತೆಗೆದು.

ಮಳೆಹನಿ:

ಅಟ್ಟಕ್ಕೆ ಹಾಕಲು ತಮ್ಮನಿಗೆ ಹೇಳಿದ್ದೇನೆ, ನಾನೇ ಹಾಕಿದರೆ ನಾನೇ ತೆಗೆಯುತ್ತೇನೆ. ದೊಡ್ಡತ್ತೆಗೆ ಅಮ್ಮನಿಂದ ಹೇಳಿಸುವುದು ಎಂದು ತೀರ್ಮಾನ ಮಾಡಿದೆ. ಬೆಳಿಗ್ಗೆ ತಿಂಡಿ ತಿನ್ನುವುದು ಮಾತ್ರ ಎಲ್ಲಕ್ಕಿಂತ ಕಷ್ಟ ಅನಿಸುತ್ತಿದೆ, ತಿಂದರೆ ಮಧ್ಯಾಹ್ನ ಹಸಿವೇ ಇರುವುದಿಲ್ಲ ಎಂಬ ಭಯ. ಬೇಗ ಎದ್ದು ಬೇಗ ತಿಂದರೆ ನಡುವೆ ನಾಲ್ಕೈದು ಗಂಟೆ ಸಿಗುತ್ತದೆ, ಅಷ್ಟು ಸಾಕಾಗುತ್ತದಾ?

ನಿಧಾನಗತಿ:

ಧಾರಾಳ ಸಾಕು. ಅಡುಗೆಮನೆಯಲ್ಲಿ ಕೆಲಸ ಇದ್ದರೆ ಮೂರು ಗಂಟೆಗೇ ಹಸಿವಾಗುತ್ತದೆ ನೋಡಿ.